ಹಾರ್ಮೋನಿಯಂ ಮೇಷ್ಟ್ರ ಮನೆಯಿಂದ ರಂಗಶಾಲೆಗೆ

ಹಾಡುತ್ತಲೇ ಅಭಿನಯಿಸುವುದು ಕನ್ನಡ ರಂಗಭೂಮಿಯ ಹುಟ್ಟುಗುಣ. ಮೂಡಲಪಾಯ ಯಕ್ಷಗಾನದ ವೇಷಧಾರಿ, ಕಂಪನಿ ನಾಟಕದ ನಟ, ಊರ ಹಬ್ಬಕ್ಕೆ ‘ಕುರುಕ್ಷೇತ್ರ’ ಕಟ್ಟಿ ದುರ್ಯೋಧನನಾಗುವ ರೈತ, ಈ ಮೂವರಿಗೂ ಕಂಠವೇ ಮೊದಲ ಬಂಡವಾಳ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಪೌರಾಣಿಕ ನಾಟಕ ಇಂದಿಗೂ ಜೀವಂತವಾಗಿದೆ. ಅಲ್ಲಿ ರಾತ್ರಿಯಿಡೀ ಕೂತು ನಾಟಕ ನೋಡಿ ಬೆಳೆದ ಹುಡುಗ ಹುಡುಗಿಯರಲ್ಲಿ ಕೆಲವರಿಗೆ ಪಿಯುಸಿ ಮುಗಿಯುತ್ತಿದ್ದಂತೆ ಇದನ್ನೇ ಓದಾಗಿ ಕಲಿಯುವ ಆಸೆ ಹುಟ್ಟುತ್ತದೆ. ಯಾವ ಸಂಸ್ಥೆ ಸೇರಬೇಕು, ಸೇರಿದ್ದು ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗುವುದು ಹೇಗೆ ಎಂಬ ಪ್ರಶ್ನೆಗಳು ಆ ಆಸೆಯ ಬೆನ್ನಿಗೇ ಬರುತ್ತವೆ.

ಅಮೆರಿಕದಲ್ಲಿ ‘ಮ್ಯೂಸಿಕಲ್ ಥಿಯೇಟರ್’ ಹೆಸರಿನಲ್ಲೇ ನಾಲ್ಕು ವರ್ಷದ ಪದವಿಗಳಿವೆ. ಹಾಡು, ನೃತ್ಯ, ಅಭಿನಯ ಮೂರನ್ನೂ ಅಲ್ಲಿ ಒಂದೇ ಸೂರಿನಡಿ ಕಲಿಸುತ್ತಾರೆ. ಕರ್ನಾಟಕದಲ್ಲಿ ಈ ಕಲಿಕೆ ಹಂಚಿಹೋಗಿದೆ. ರಂಗಶಾಲೆಗಳಲ್ಲಿ ಅಭಿನಯ ಮುಖ್ಯ, ಸಂಗೀತ ಅದರ ಒಂದು ಅಂಗ. ಸಂಗೀತ ಕಾಲೇಜುಗಳಲ್ಲಿ ರಾಗ ತಾಳ ಮುಖ್ಯ, ರಂಗದ ಮೇಲೆ ನಿಲ್ಲುವುದನ್ನು ಅಲ್ಲಿ ಹೇಳಿಕೊಡುವುದಿಲ್ಲ. ಹಾಡುನಟ ಆಗಬೇಕೆನ್ನುವವರು ಈ ಎರಡನ್ನೂ ತಾವೇ ಜೋಡಿಸಿಕೊಳ್ಳಬೇಕಾಗುತ್ತದೆ. ಆಯ್ಕೆಯ ಕಷ್ಟವಿರುವುದು ಇಲ್ಲಿಯೇ.

ಊರಲ್ಲಿ ಆಗುವ ಮೊದಲ ಕಲಿಕೆ

ಈ ನಾಲ್ಕು ತಾಲ್ಲೂಕುಗಳ ಮಕ್ಕಳು ರಂಗಶಾಲೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ಊರಿನಲ್ಲಿ ನಾಟಕ ಆಡುವುದೆಂದು ನಿಶ್ಚಯವಾದರೆ ನಾಟಕದ ಮೇಷ್ಟ್ರು ಬರುತ್ತಾರೆ. ಪಾತ್ರ ಹಂಚಿ, ಯಾರ ಕಂಠಕ್ಕೆ ಯಾವ ಶ್ರುತಿ ಎಂದು ಹಾರ್ಮೋನಿಯಂ ಒತ್ತಿ ನೋಡಿ, ಹೊಲದ ಕೆಲಸ ಮುಗಿಸಿ ಬಂದವರಿಗೆ ರಾತ್ರಿ ಹೊತ್ತು ಮಟ್ಟು ಹೇಳಿಕೊಡುತ್ತಾರೆ. ಪಾತ್ರಧಾರಿಗಳೇ ಹಣ ಹಾಕಿ ಸೀನರಿ, ಉಡುಪು, ವಾದ್ಯದವರನ್ನು ಗೊತ್ತುಮಾಡುತ್ತಾರೆ. ಕಂದ, ವೃತ್ತ, ಸೀಸಪದ್ಯಗಳನ್ನು ಓದಲು ಬಾರದವರೂ ಕೇಳಿ ಕೇಳಿ ಕಂಠಪಾಠ ಮಾಡುತ್ತಾರೆ.

ಇದರ ಹಿಂದೆ ದೊಡ್ಡ ಪರಂಪರೆ ಇದೆ. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಗುಬ್ಬಿ ವೀರಣ್ಣನವರು ನಾಡಿನ ಅತಿ ದೊಡ್ಡ ಕಂಪನಿಯಾಗಿ ಬೆಳೆಸಿದರು. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ ಆನೆ ಕುದುರೆಗಳ ಸಮೇತ ರಂಗಕ್ಕೆ ಬಂದದ್ದು ಈ ಕಂಪನಿಯಲ್ಲೇ. ಕಂಪನಿಯ ಬಿಡಾರವೇ ಅಂದಿನ ರಂಗಶಾಲೆ. ಬೆಳಿಗ್ಗೆ ಸಂಗೀತ ಪಾಠ, ಮಧ್ಯಾಹ್ನ ತಾಲೀಮು, ರಾತ್ರಿ ನಾಟಕ. ಬಾಲನಟನಾಗಿ ಸೇರಿದವನು ವರ್ಷಗಳ ನಂತರ ರಾಜಪಾರ್ಟು ಮಾಡುವ ಹೊತ್ತಿಗೆ ಹಾಡುಗಾರಿಕೆ, ಮಾತು, ನಡಿಗೆ ಮೂರೂ ಒಂದೇ ಮೈಯಲ್ಲಿ ಬೆರೆತಿರುತ್ತಿದ್ದವು.

ಊರ ಮೇಷ್ಟ್ರ ಪಾಠ ಶ್ರುತಿಜ್ಞಾನ, ನೆನಪಿನ ಶಕ್ತಿ, ಸಾವಿರ ಜನರ ಮುಂದೆ ಅಳುಕದ ಧೈರ್ಯ ಕೊಡುತ್ತದೆ. ಪಾತ್ರದ ಒಳಹೊಕ್ಕು ಯೋಚಿಸುವುದು, ಸಹನಟನ ಮಾತಿಗೆ ಕಿವಿಗೊಡುವುದು, ಬೆಳಕು ಮತ್ತು ರಂಗಸಜ್ಜಿಕೆಯ ಅರಿವು, ಕಂಠಕ್ಕೆ ಪೆಟ್ಟಾಗದಂತೆ ಎತ್ತರದ ಶ್ರುತಿಯಲ್ಲಿ ಹಾಡುವ ಕ್ರಮ ಇವು ಅಲ್ಲಿ ದಕ್ಕುವುದು ಕಡಿಮೆ. ಹುಡುಗಿಯರಿಗಂತೂ ಬಾಗಿಲೇ ಕಿರಿದು. ಹಲವು ಊರುಗಳಲ್ಲಿ ಸ್ತ್ರೀಪಾತ್ರಕ್ಕೆ ಹೊರಗಿನಿಂದ ವೃತ್ತಿ ಕಲಾವಿದೆಯರನ್ನು ಕರೆಸುವುದೇ ರೂಢಿ. ಸಂಸ್ಥೆ ಆರಿಸುವ ಮೊದಲು ಈ ಲೆಕ್ಕ ಹಾಕಬೇಕು. ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ಗೊತ್ತಿದ್ದವರಿಗೆ ಎಲ್ಲಿಗೆ ಹೋಗಬೇಕೆಂಬುದೂ ತಿಳಿಯುತ್ತದೆ.

ಒಂದು ವರ್ಷದ ರಂಗಶಾಲೆಗಳು

ಹೆಚ್ಚಾಗಿ ಕನ್ನಡದಲ್ಲೇ ಕಲಿಸುವ, ಅಲ್ಲೇ ಉಳಿದು ಕಲಿಯುವ ಒಂದು ವರ್ಷದ ತರಬೇತಿಗಳು ಮೊದಲ ದಾರಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಕೆ.ವಿ. ಸುಬ್ಬಣ್ಣನವರ ಕನಸಿನ ಈ ಶಾಲೆಯಲ್ಲಿ ಅಭಿನಯ, ರಂಗಸಿದ್ಧತೆ, ರಂಗಸಂಗೀತ, ನಾಟಕ ಸಾಹಿತ್ಯ ಜೊತೆಜೊತೆಗೆ ಸಾಗುತ್ತವೆ. ಕಲಿತು ಹೊರಬಂದವರಿಗೆ 1985ರಿಂದ ನಡೆದುಬಂದಿರುವ ‘ತಿರುಗಾಟ’ ತಂಡದಲ್ಲಿ ಊರೂರು ಸುತ್ತುವ ಅವಕಾಶವೂ ಇದೆ.

ಶಿರಾದ ಗಡಿ ದಾಟಿದರೆ ಚಿತ್ರದುರ್ಗ ಜಿಲ್ಲೆ. ಅದೇ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮುಂದಾಳುತನದ ಶಿವಕುಮಾರ ರಂಗಪ್ರಯೋಗಶಾಲೆ ಇದೆ. ಅಲ್ಲಿನ ‘ಶಿವಸಂಚಾರ’ ತಂಡ 1997ರಿಂದ ರಾಜ್ಯ ತಿರುಗುತ್ತಿದೆ. ವಚನಗಳ ಗಾಯನ ಅಲ್ಲಿಯ ಬದುಕಿನ ಭಾಗ. ಹೀಗಾಗಿ ಹಾಡುವ ಕಂಠಕ್ಕೆ ಅಲ್ಲಿ ಬಿಡುವಿರುವುದಿಲ್ಲ.

ಮೈಸೂರಿನ ರಂಗಾಯಣವನ್ನು 1989ರಲ್ಲಿ ಕಟ್ಟಿದವರು ಬಿ.ವಿ. ಕಾರಂತರು. ರಂಗಸಂಗೀತವನ್ನು ನಾಟಕದ ಅಲಂಕಾರವೆಂದು ಎಣಿಸದೆ, ನಾಟಕದ ಉಸಿರೆಂದೇ ಕಂಡ ನಿರ್ದೇಶಕ ಅವರು. ರಂಗಾಯಣದ ಭಾರತೀಯ ರಂಗಶಿಕ್ಷಣ ಕೇಂದ್ರ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿರುವ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರದಲ್ಲೂ ಒಂದು ವರ್ಷದ ತರಬೇತಿ ಇದೆ. ತುಮಕೂರಿನಿಂದ ಬಸ್ಸಿನಲ್ಲಿ ಹೋಗಿಬರುವ ದೂರದ ಸಂಸ್ಥೆ ಇದೊಂದೇ. ಆದರೂ ಇಂಥ ತರಬೇತಿ ಬೆಳಗಿನಿಂದ ರಾತ್ರಿಯವರೆಗೆ ನಡೆಯುವುದರಿಂದ ದಿನಾ ಓಡಾಡಿ ಕಲಿಯುವೆನೆಂಬ ಆಲೋಚನೆ ಕೈಬಿಡಬೇಕು.

ಪದವಿಯ ದಾರಿ

ಎರಡನೆಯ ದಾರಿ ವಿಶ್ವವಿದ್ಯಾಲಯಗಳದು. ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಈ ಕಲೆಗಳಿಗೆಂದೇ ಇರುವ ರಾಜ್ಯದ ವಿಶ್ವವಿದ್ಯಾಲಯ. ಸಂಗೀತ, ನೃತ್ಯ, ನಾಟಕ ಮೂರೂ ವಿಭಾಗಗಳು ಒಂದೇ ಆವರಣದಲ್ಲಿರುವುದು ಹಾಡುನಟನಾಗುವವರಿಗೆ ದೊಡ್ಡ ಅನುಕೂಲ. ಮಾನಸಗಂಗೋತ್ರಿಯ ಮಹಿಳಾ ಲಲಿತಕಲಾ ಕಾಲೇಜು ಹೆಣ್ಣುಮಕ್ಕಳಿಗೆ ಇನ್ನೊಂದು ಆಸರೆ. ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗದಲ್ಲಿ ಸ್ನಾತಕೋತ್ತರ ಓದು ಇದೆ. ಮೂರು ದಿಕ್ಕಿನಲ್ಲಿ ಆಂಧ್ರದ ನೆಲ ಸುತ್ತಿರುವ ಪಾವಗಡದ ಮಕ್ಕಳಿಗೆ ತೆಲುಗು ಪದ್ಯನಾಟಕದ ಪರಿಚಯ ಮನೆಯಲ್ಲೇ ಇರುತ್ತದೆ. ಅವರಿಗೆ ಹೈದರಾಬಾದ್ ವಿಶ್ವವಿದ್ಯಾಲಯದ ರಂಗಭೂಮಿ ವಿಭಾಗವೂ ಹೊರಗಿನದೆನಿಸದು.

ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ ಆರಂಭವಾಯಿತು. ಅಲ್ಲಿಯದು ಮೂರು ವರ್ಷದ ಡಿಪ್ಲೊಮಾ. ಸೇರಲು ಪದವಿ ಮುಗಿದಿರಬೇಕು, ನಾಟಕಗಳಲ್ಲಿ ಭಾಗವಹಿಸಿದ ಅನುಭವ ಇರಬೇಕು. ಎಷ್ಟೇ ಕಲಿತು ಹೋದರೂ ಮೊದಲ ವರ್ಷದಿಂದಲೇ ಆರಂಭಿಸಬೇಕು.

ಒಂದು ವರ್ಷದ ಡಿಪ್ಲೊಮಾ ಮೈ ಮತ್ತು ಕಂಠವನ್ನು ಹದಗೊಳಿಸುತ್ತದೆ. ಉದ್ಯೋಗದ ಅರ್ಜಿಯಲ್ಲಿ ಪದವಿಯ ಜಾಗವನ್ನು ಅದು ತುಂಬದು. ಪದವಿ ಕೈಯಲ್ಲಿದ್ದರೆ ಅಧ್ಯಾಪನ, ಸಂಶೋಧನೆಯ ಬಾಗಿಲು ತೆರೆಯುತ್ತದೆ. ಆದರೆ ದಿನಕ್ಕೆ ಹತ್ತು ತಾಸಿನ ತಾಲೀಮು ಅಲ್ಲಿ ಸಿಗುವುದಿಲ್ಲ. ಬಿ.ಎ. ಮುಗಿಸಿಕೊಂಡು ರಂಗಶಾಲೆಗೆ ಹೋಗುವುದು, ಇಲ್ಲವೇ ರಂಗಶಾಲೆಯ ವರ್ಷ ಮುಗಿಸಿ ಪದವಿಗೆ ಬರುವುದು, ಎರಡೂ ನಡೆದುಬಂದ ದಾರಿಗಳೇ. ಸಾಲ ಮಾಡಿ ಮಕ್ಕಳನ್ನು ಓದಿಸುವ ಮನೆಗಳಿಗೆ ಮೊದಲನೆಯದು ಹೆಚ್ಚು ಭದ್ರ.

ಆರಿಸುವಾಗ ನೋಡಬೇಕಾದ್ದು

ಸಂಸ್ಥೆಯ ಹೆಸರಿಗಿಂತ ಅದರ ದಿನಚರಿ ಮುಖ್ಯ. ವಾರಕ್ಕೆ ಎಷ್ಟು ತಾಸು ಸಂಗೀತ, ಅದನ್ನು ಕಲಿಸುವವರು ಖಾಯಂ ಅಧ್ಯಾಪಕರೋ ಬಂದುಹೋಗುವವರೋ, ವರ್ಷಕ್ಕೆ ಎಷ್ಟು ನಾಟಕಗಳನ್ನು ಕಟ್ಟುತ್ತಾರೆ, ಅವುಗಳಲ್ಲಿ ಹಾಡು ಇರುವವು ಎಷ್ಟು ಎಂದು ಕೇಳಬೇಕು. ಅಲ್ಲಿನ ವಿದ್ಯಾರ್ಥಿಗಳ ಒಂದು ಪ್ರದರ್ಶನವನ್ನಾದರೂ ಕಣ್ಣಾರೆ ನೋಡಬೇಕು. ಹಿಂದಿನಿಂದ ಹಾಡಿನ ಧ್ವನಿಮುದ್ರಣ ಹಾಕಿ ನಟರು ಬರೀ ಕುಣಿದರೆ ಅದೊಂದು ಬಗೆ. ನಟರೇ ಹಾಡಿ, ಉಸಿರು ತಪ್ಪದೆ ಮಾತಿಗೆ ಮರಳಿದರೆ ಅದು ಹಾಡುನಟನನ್ನು ಬೆಳೆಸುವ ಶಾಲೆ.

ಪ್ರವೇಶದ ಸಂದರ್ಶನಕ್ಕೆ ಎರಡು ಬಗೆಯ ಹಾಡು ಸಿದ್ಧವಿರಲಿ. ಒಂದು ಊರ ನಾಟಕದ ಮಟ್ಟು, ಇನ್ನೊಂದು ವಾದ್ಯವಿಲ್ಲದೆ ಹಾಡಬಲ್ಲ ಭಾವಗೀತೆ ಇಲ್ಲವೇ ಜನಪದ ಗೀತೆ. ಹಾರ್ಮೋನಿಯಂ ಜೊತೆಗಿಲ್ಲದಾಗಲೂ ಶ್ರುತಿ ನಿಲ್ಲುತ್ತದೆಯೇ ಎಂಬುದನ್ನು ಪರೀಕ್ಷಕರು ಗಮನಿಸುತ್ತಾರೆ. ಒಂದು ಗದ್ಯ ಸಂಭಾಷಣೆಯನ್ನೂ ಕಲಿತಿರಬೇಕು. ಪೌರಾಣಿಕ ನಾಟಕದ ಏರುದನಿ ಮೈಗೂಡಿದವರು ಮೆಲುದನಿಯ ಮಾತನ್ನೂ ರೂಢಿಸಿಕೊಂಡು ಹೋದರೆ ಒಳ್ಳೆಯದು. ಸಂಗೀತದ ಜೂನಿಯರ್ ಅಥವಾ ಸೀನಿಯರ್ ಪರೀಕ್ಷೆ ಮೊದಲೇ ಮುಗಿಸಿದ್ದರೆ ರಂಗಶಾಲೆಯಲ್ಲಿ ಸ್ವರ ತಾಳಗಳ ಮೊದಲ ಪಾಠಕ್ಕೆ ಕಾಲ ಹೋಗುವುದಿಲ್ಲ.

ಬದಲಿಸುವುದು ಹೇಗೆ

ಸೇರಿದ ಕೆಲವು ತಿಂಗಳಲ್ಲಿ ಇದು ನನ್ನ ಜಾಗವಲ್ಲ ಎನಿಸುವುದುಂಟು. ಅದಕ್ಕೆ ಕಾರಣ ಮನೆಯ ನೆನಪೇ, ಹಣದ ತೊಂದರೆಯೇ, ಕಲಿಕೆಯ ಕೊರತೆಯೇ ಎಂದು ಮೊದಲು ಬೇರ್ಪಡಿಸಿಕೊಳ್ಳಬೇಕು. ಮೊದಲೆರಡಕ್ಕೆ ಸಂಸ್ಥೆ ಬದಲಿಸುವುದು ಮದ್ದಲ್ಲ.

ಒಂದು ವರ್ಷದ ಡಿಪ್ಲೊಮಾ ಒಂದು ನಾಟಕವಿದ್ದಂತೆ, ಮಧ್ಯದ ಅಂಕದಲ್ಲಿ ಬೇರೆ ರಂಗಕ್ಕೆ ಹೊತ್ತೊಯ್ಯಲು ಬರುವುದಿಲ್ಲ. ಆರು ತಿಂಗಳು ಕಲಿತದ್ದನ್ನು ಇನ್ನೊಂದು ಶಾಲೆಯಲ್ಲಿ ಅರ್ಧ ವರ್ಷವೆಂದು ಎಣಿಸುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಕಡಿಮೆ ವಿದ್ಯಾರ್ಥಿಗಳ ತಂಡದಲ್ಲಿ ಒಬ್ಬರು ಬಿಟ್ಟರೆ ಕಟ್ಟುತ್ತಿರುವ ನಾಟಕಕ್ಕೂ ಪೆಟ್ಟು. ಹಾಗಾಗಿ ವರ್ಷ ಪೂರೈಸಿ, ಆಮೇಲೆ ಮುಂದಿನ ಸಂಸ್ಥೆಗೆ ಅರ್ಜಿ ಹಾಕುವುದು ಸರಿಯಾದ ದಾರಿ.

ಪದವಿಯಲ್ಲಿ ಬದಲಾವಣೆಗೆ ಅವಕಾಶ ಹೆಚ್ಚು, ಕಾಗದಪತ್ರವೂ ಹೆಚ್ಚು. ಒಂದೇ ವಿಶ್ವವಿದ್ಯಾಲಯದ ಇನ್ನೊಂದು ಕಾಲೇಜಿಗೆ ಹೋಗಲು ಎರಡೂ ಕಾಲೇಜುಗಳ ಒಪ್ಪಿಗೆ, ವರ್ಗಾವಣೆ ಪತ್ರ, ಸೆಮಿಸ್ಟರ್ ಅಂಕಪಟ್ಟಿ ಬೇಕು. ವಿಶ್ವವಿದ್ಯಾಲಯವೇ ಬೇರೆಯಾದರೆ ಮೈಗ್ರೇಷನ್ ಸರ್ಟಿಫಿಕೇಟ್, ಪಠ್ಯಕ್ರಮದ ಪ್ರತಿ, ಹೊಸ ವಿಶ್ವವಿದ್ಯಾಲಯದ ಅರ್ಹತಾ ಪತ್ರವೂ ಸೇರುತ್ತವೆ. 2021ರಲ್ಲಿ ಜಾರಿಗೆ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಅವರ ಖಾತೆಯಲ್ಲಿ ಉಳಿಯುತ್ತವೆ. ಅವುಗಳಲ್ಲಿ ಎಷ್ಟನ್ನು ಒಪ್ಪಬೇಕೆಂದು ತೀರ್ಮಾನಿಸುವುದು ಸೇರಿಸಿಕೊಳ್ಳುವ ಸಂಸ್ಥೆ. ಕರ್ನಾಟಕದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ಪದವಿ ಕ್ರಮ 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆ. ನಡುವೆ ಓದು ನಿಲ್ಲಿಸಿದವರು ತಾವು ಯಾವ ಕ್ರಮಕ್ಕೆ ಸೇರಿದವರೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಸಿದ್ಧಾಂತದ ಪತ್ರಿಕೆಗಳು ಸುಲಭವಾಗಿ ಹೊಂದಿಕೊಳ್ಳುತ್ತವೆ. ಪ್ರಾಯೋಗಿಕ ವಿಷಯಗಳ ಮಾತು ಬೇರೆ. ಬಿ.ಎ. ಓದುತ್ತಿದ್ದವರು ನಾಟಕದ ಪದವಿಗೆ ಬಂದರೆ ಭಾಷೆಯ ಪತ್ರಿಕೆಗಳಿಗೆ ವಿನಾಯಿತಿ ಸಿಕ್ಕೀತು, ಅಭಿನಯ ಮತ್ತು ಗಾಯನವನ್ನು ಮೊದಲ ಸೆಮಿಸ್ಟರಿನಿಂದಲೇ ಕಲಿಯಬೇಕಾದೀತು. ಅಮೆರಿಕದಲ್ಲೂ ಒಂದು ಮ್ಯೂಸಿಕಲ್ ಥಿಯೇಟರ್ ಪದವಿಯಿಂದ ಇನ್ನೊಂದಕ್ಕೆ ಬರುವವರು ಮತ್ತೆ ಹಾಡಿ ಅಭಿನಯಿಸಿ ತೋರಿಸಬೇಕು, ಎಷ್ಟೋ ಕಡೆ ಮೊದಲ ವರ್ಷದಿಂದಲೇ ಶುರುಮಾಡಬೇಕು. ಕಂಠ ಮತ್ತು ಮೈ ಹಂತಹಂತವಾಗಿ ಹದಗೊಳ್ಳುವಂಥವು, ಆ ಹಂತಗಳನ್ನು ಹಾರಿ ಹೋಗಲಾಗದು. ಇದನ್ನು ವರ್ಷ ಹಾಳಾಯಿತೆಂದು ತಿಳಿಯಬಾರದು. ಹಳೆಯ ಜಾಗವನ್ನು ಬಿಡುವ ಮೊದಲು ಹೊಸ ಜಾಗದ ಪ್ರವೇಶ ಬರಹದಲ್ಲಿ ಖಾತ್ರಿಯಾಗಿರಬೇಕು ಎಂಬ ಎಚ್ಚರ ಎಲ್ಲಕ್ಕಿಂತ ಮುಖ್ಯ.

ಹೀಗೆ ನಡೆದವರು

ಒಂದರಿಂದ ಇನ್ನೊಂದಕ್ಕೆ ಹೋಗಿ ಬೆಳೆದವರಿಗೆ ಕನ್ನಡದಲ್ಲಿ ದೊಡ್ಡ ಉದಾಹರಣೆಗಳಿವೆ. ಬಂಟ್ವಾಳ ಬಳಿಯ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದರು. ಅವರನ್ನು ಎಂ.ಎ. ಓದಲು ಬನಾರಸಿಗೆ ಕಳುಹಿಸಿದವರು ಗುಬ್ಬಿ ವೀರಣ್ಣ. ಅಲ್ಲಿ ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತು, ಮುಂದೆ ರಾಷ್ಟ್ರೀಯ ನಾಟಕ ಶಾಲೆ ಸೇರಿ, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ‘ಜೋಕುಮಾರಸ್ವಾಮಿ’, ‘ಹಯವದನ’, ‘ಸತ್ತವರ ನೆರಳು’ ನಾಟಕಗಳ ಸಂಗೀತದಲ್ಲಿ ಕಂಪನಿಯ ಮಟ್ಟು, ಶಾಸ್ತ್ರೀಯ ರಾಗ, ಆಧುನಿಕ ರಂಗದ ಅರಿವು ಮೂರೂ ಕೂಡಿದವು. ಅವರು ಹಿಂದಿನದನ್ನು ಬಿಟ್ಟು ಮುಂದೆ ಹೋದವರಲ್ಲ, ಜೊತೆಗೇ ಒಯ್ದವರು.

ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರದೂ ಅದೇ ದಾರಿ. ಅಜ್ಜನ ಕಂಪನಿಯಲ್ಲಿ ಕಿವಿ ತೆರೆದು, 1973ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಓದು ಮುಗಿಸಿ, ‘ಸ್ಪಂದನ’ ತಂಡ ಕಟ್ಟಿ, ತೆರೆದ ಕಂಠದ ರಂಗಗೀತೆಗಳಿಗೆ ಹೊಸ ಕೇಳುಗರನ್ನು ತಂದರು. ರಂಗಾಯಣದ ನಿರ್ದೇಶಕರಾದರು, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು.

ಹಣ ಮತ್ತು ಬದುಕು

ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷ, ತಿಂಗಳಿಗೆ 5,000 ರೂಪಾಯಿ ವಿದ್ಯಾರ್ಥಿವೇತನ ನೀಡುತ್ತದೆ. ನಾಟಕ, ಸಂಗೀತ, ಜನಪದ ಕಲೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ವಿದ್ಯಾರ್ಥಿವೇತನ ಮಾನ್ಯತೆ ಪಡೆದ ಓದಿಗೆ ಮಾತ್ರ. ಆದ್ದರಿಂದ ಆರಿಸಿದ ಡಿಪ್ಲೊಮಾಕ್ಕೆ ಅದು ಸಲ್ಲುತ್ತದೆಯೇ ಎಂದು ಸೇರುವ ಮುನ್ನವೇ ವಿಚಾರಿಸಬೇಕು. ಕಲಿತವರಿಗೆ ರೆಪರ್ಟರಿ ತಂಡ, ಶಾಲೆಗಳ ಮಕ್ಕಳ ನಾಟಕ, ಬೇಸಿಗೆ ಶಿಬಿರ, ಕಿರುತೆರೆ, ಧ್ವನಿದಾನ ಇವೆ. ಒಂದರಿಂದಲೇ ಬದುಕು ಸಾಗುವುದು ಕಷ್ಟ, ಹಲವನ್ನು ಕೂಡಿಸಿಕೊಂಡವರು ನಿಂತಿದ್ದಾರೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ತಂದೆತಾಯಂದಿರು ಮಕ್ಕಳ ಈ ಆಸೆಯನ್ನು ಹುಡುಗಾಟವೆಂದು ತಳ್ಳಿಹಾಕದೆ, ಪದವಿಯ ಭದ್ರತೆ ಇಟ್ಟುಕೊಂಡೇ ರಂಗಶಾಲೆಯ ಒಂದು ವರ್ಷವನ್ನು ಅವರಿಗೆ ಕೊಡಬೇಕು. ಹಾಗೆ ಕಲಿತ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಹಾರ್ಮೋನಿಯಂ ಮೇಷ್ಟ್ರ ಪಕ್ಕ ಕೂತು, ತಾವು ಕಲಿತದ್ದನ್ನು ಊರಿನ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಹೇಳಿಕೊಡಬೇಕು. ಗುಬ್ಬಿಯನ್ನು ಹೆತ್ತ ಜಿಲ್ಲೆಯಲ್ಲಿ ಮುಂದಿನ ಹಾಡುನಟರು ಹುಟ್ಟಲು ಈ ಹೋಗಿಬರುವ ದಾರಿ ತೆರೆದಿರುವುದು ಅಗತ್ಯ.