ಬಿಸಿಗೆ ದಾರಿ ಬಿಡುವ ಕಸುಬು

ಕಬ್ಬಿನ ಧೂಳು, ಏಪ್ರಿಲ್ ಬಿಸಿಲು, ವೇಗದ ಕಾರು: ಈ ಮೂರನ್ನೂ ನಿಭಾಯಿಸುವ ಗ್ಯಾರೇಜುಗಳ ಪರಿಚಯ

ಮಾರ್ಚ್ ಹೊತ್ತಿಗೆ ಮುಧೋಳ, ಜಮಖಂಡಿ ಸುತ್ತಿನ ಸಕ್ಕರೆ ಕಾರ್ಖಾನೆಗಳ ಹಂಗಾಮು ಮುಗಿಯುತ್ತ ಬರುತ್ತದೆ. ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರ್‌ಗಳು ಕಡಿಮೆಯಾಗುತ್ತವೆ, ಗ್ಯಾರೇಜಿನ ಮುಂದೆ ಕಾರುಗಳು ಹೆಚ್ಚುತ್ತವೆ. “ಗಾಡಿ ಭಾಳ ಹೀಟ್ ಆಗಾಕತ್ತೈತ್ರಿ” ಎಂಬ ದೂರು ಕೇಳಿದ ಮಿಸ್ತ್ರಿ ಮೊದಲು ಇಂಜಿನ್ ಮುಟ್ಟುವುದಿಲ್ಲ, ಮುಂದಿನ ಬಂಪರ್ ಬಿಚ್ಚುತ್ತಾನೆ. ಎಸಿ ಕಂಡೆನ್ಸರಿಗೂ ಅದರ ಹಿಂದಿನ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಕಬ್ಬಿನ ಒಣಗರಿಯ (ರವದಿ) ಚೂರು, ಸತ್ತ ಹುಳ, ಎರೆಮಣ್ಣಿನ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿರುತ್ತದೆ. ಚಳಿಗಾಲದಲ್ಲಿ ಅದರ ಪರಿಣಾಮ ಯಾರಿಗೂ ತಿಳಿಯದು. ಬಿಸಿಲು 40 ಡಿಗ್ರಿ ದಾಟಿತೆಂದರೆ ಮೀಟರಿನ ಮುಳ್ಳು ಏರತೊಡಗುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಗ್ಯಾರೇಜುಗಳು ಟ್ರ್ಯಾಕ್ಟರ್, ಲಾರಿ, ಜೀಪುಗಳ ಮೇಲೆ ಕೈ ಪಳಗಿಸಿಕೊಂಡವು. ಈಗ ಬೀಳಗಿ ಕ್ರಾಸ್ ಹಾದುಹೋಗುವ ವಿಜಯಪುರ–ಹುಬ್ಬಳ್ಳಿ ಹೆದ್ದಾರಿಯಲ್ಲಿ ಟರ್ಬೊ ಪೆಟ್ರೋಲ್ ಕಾರುಗಳೂ ಬ್ಯಾಟರಿ ಕಾರುಗಳೂ ಓಡುತ್ತಿವೆ. ವೇಗದ ಗಾಡಿಗೆ ಶಕ್ತಿ ಕೊಡುವುದು ಕಂಪನಿಯ ಕೆಲಸ. ಆ ಶಕ್ತಿಯ ಜೊತೆಗೆ ಹುಟ್ಟುವ ಬಿಸಿಗೆ ಹೊರಹೋಗಲು ದಾರಿ ಕಾಯ್ದಿಡುವುದು ನಮ್ಮ ಮಿಸ್ತ್ರಿಗಳ ಕೆಲಸ.

ಪೆಟ್ರೋಲ್ ಗಾಡಿಯ ಲೆಕ್ಕ

ಪೆಟ್ರೋಲ್ ಇಂಜಿನ್ನಿನಲ್ಲಿ ಉರಿದ ಇಂಧನದ ಸುಮಾರು ಮೂರನೇ ಒಂದು ಪಾಲು ಮಾತ್ರ ಓಟಕ್ಕೆ ಒದಗುತ್ತದೆ. ಉಳಿದದ್ದು ಬಿಸಿಯಾಗಿ ಸೈಲೆನ್ಸರ್, ರೇಡಿಯೇಟರ್ ಮೂಲಕ ಹೊರಬೀಳಬೇಕು. 42 ಡಿಗ್ರಿಯ ಗಾಳಿ 15 ಡಿಗ್ರಿಯ ಗಾಳಿಗಿಂತ ಶೇ 8ರಿಂದ 9ರಷ್ಟು ತೆಳು. ಆಮ್ಲಜನಕವೂ ಅಷ್ಟೇ ಕಡಿಮೆ. ಬಿಸಿ ಗಾಳಿ ಒಳಹೊಕ್ಕರೆ ಇಂಧನ ಹೊತ್ತಿಗೆ ಮುಂಚೆ ಸಿಡಿದು ನಾಕಿಂಗ್ ಶುರುವಾಗುತ್ತದೆ. ಗಾಡಿಯ ಕಂಪ್ಯೂಟರ್ ಇಂಜಿನ್ ಉಳಿಸಲು ತಾನೇ ಶಕ್ತಿ ತಗ್ಗಿಸುತ್ತದೆ. “ಪಿಕಪ್ ಹೋಗೈತಿ” ಎಂದು ಬರುವ ಎಷ್ಟೋ ಟರ್ಬೊ ಗಾಡಿಗಳಿಗೆ ಒಳಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ತೊಳೆದು, ಏರ್ ಫಿಲ್ಟರ್ ಬದಲಿಸಿದರೆ ಸಾಕು.

ರೇಡಿಯೇಟರಿಗೆ ಬೋರಿನ ಸವಳು ನೀರು ಸುರಿಯುವುದು ಇಲ್ಲಿಯ ಹಳೆಯ ರೂಢಿ. ಅದರ ಉಪ್ಪು ಒಳಗಿನ ಸಣ್ಣ ನಳಿಕೆಗಳಲ್ಲಿ ಕೂತು ದಾರಿ ಕಟ್ಟುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿದರೆ, ಕ್ಯಾಪಿನ ಒತ್ತಡವೂ ಸೇರಿ, 120 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಹೆದ್ದಾರಿಯಲ್ಲಿ ಜೋರಾಗಿ ಓಡಿ ಬಂದ ಟರ್ಬೊ ಗಾಡಿಗೆ ಹಿರಿಯ ಮಿಸ್ತ್ರಿಗಳು ಹೇಳುವ ಮಾತು: “ಲಗೂನ ಬಂದ್ ಮಾಡಬ್ಯಾಡ್ರಿ, ಒಂದ್ ನಿಮಿಷ ಹಂಗ ಬಿಡ್ರಿ.” ಕಾದ ಟರ್ಬೊದೊಳಗೆ ಆಯಿಲ್ ನಿಂತುಬಿಟ್ಟರೆ ಸುಟ್ಟು ಕರಕಲಾಗುತ್ತದೆ, ಆ ಒಂದು ನಿಮಿಷ ಬೇರಿಂಗನ್ನು ಉಳಿಸುತ್ತದೆ.

ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಇದೆ. ಸಮೀರವಾಡಿಯ ಗೋದಾವರಿ ಬಯೋರಿಫೈನರೀಸ್‌ನಂಥ ಕಾರ್ಖಾನೆಗಳು ಕಬ್ಬಿನಿಂದಲೇ ಅದನ್ನು ತೆಗೆಯುತ್ತವೆ. ಎಥೆನಾಲ್ ಆವಿಯಾಗುವಾಗ ಒಳಗಾಳಿಯನ್ನು ತಂಪಾಗಿಸುತ್ತದೆ, ನಾಕಿಂಗ್ ತಡೆಯುತ್ತದೆ. ಆದರೆ ಮೈಲೇಜ್ ಕೊಂಚ ಇಳಿಯುತ್ತದೆ. ಈ ಮಿಶ್ರಣಕ್ಕೆಂದು ತಯಾರಾಗದ ಹಳೆಯ ಗಾಡಿಗಳ ರಬ್ಬರ್ ಪೈಪುಗಳನ್ನು ಬೇಸಿಗೆಗೆ ಮುಂಚೆ ಒಮ್ಮೆ ಕೈಯಿಂದ ಒತ್ತಿ ನೋಡಲೇಬೇಕು.

ಬ್ಯಾಟರಿ ಗಾಡಿಯ ಪಾಠ

ಇಂಜಿನ್ನಿಗೆ 90 ಡಿಗ್ರಿ ಆಸುಪಾಸಿನ ಬಿಸಿ ಒಗ್ಗುತ್ತದೆ. ಲಿಥಿಯಂ ಬ್ಯಾಟರಿಗೆ ಹಿತವಾದದ್ದು ಸುಮಾರು 15ರಿಂದ 35 ಡಿಗ್ರಿ. ಅಂದರೆ ನಮ್ಮ ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ ಬ್ಯಾಟರಿಯ ಹಿತದ ಮಟ್ಟಕ್ಕಿಂತ ಬಿಸಿ. ಆದ್ದರಿಂದ ಅನೇಕ ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿಯನ್ನು ತಂಪಿಡುವುದೂ ಎಸಿಯೇ. ಎಸಿ ಗ್ಯಾಸ್ ಸೋರಿದರೆ ಕೂತವರು ಬೆವರುವುದಷ್ಟೇ ಅಲ್ಲ, ಚಾರ್ಜಿಂಗ್ ನಿಧಾನವಾಗುತ್ತದೆ, ಓಟದ ಬಲವೂ ತಗ್ಗುತ್ತದೆ. ಕಂಡೆನ್ಸರ್ ತೊಳೆಯುವ ಹಳೆಯ ಕೆಲಸಕ್ಕೆ ಇಲ್ಲಿ ಇಮ್ಮಡಿ ಬೆಲೆ.

ಉರಿಬಿಸಿಲಲ್ಲಿ ದೂರ ಓಡಿಸಿದ ಕೂಡಲೇ ಫಾಸ್ಟ್ ಚಾರ್ಜರಿಗೆ ಹಚ್ಚಬಾರದು. ಪೂರ್ತಿ ಚಾರ್ಜ್ ಮಾಡಿ ದಿನಗಟ್ಟಲೆ ಬಿಸಿಲಿಗೆ ನಿಲ್ಲಿಸಬಾರದು. ಕೆಲವು ಕಂಪನಿಗಳ ಬ್ಯಾಟರಿಗೆ ವಿದ್ಯುತ್ತನ್ನು ತೀರ ಕಡಿಮೆ ಹರಿಸುವ ವಿಶೇಷ ಕೂಲಂಟೇ ಬೇಕು. ಕೈಗೆ ಸಿಕ್ಕಿದ್ದನ್ನು ಸುರಿಯುವಂತಿಲ್ಲ. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ತರಬೇತಿ, ಇನ್ಸುಲೇಟೆಡ್ ಕೈಗವಸು ಇಲ್ಲದೆ ಅವನ್ನು ಯಾರೂ ಮುಟ್ಟಕೂಡದು.

ಇಲ್ಲಿಯ ಹುಡುಗರಿಗೆ ಕೈಚಳಕದ ಕೊರತೆಯಿಲ್ಲ. ಬೇಕಿರುವುದು ಈ ಹೈವೋಲ್ಟೇಜ್ ಪಾಠ. ಅದು ನಮ್ಮ ಊರಿನ ಐಟಿಐಗಳಲ್ಲೇ ಸಿಗಬೇಕು. ಇಲ್ಲದಿದ್ದರೆ ಸಣ್ಣ ದೋಷಕ್ಕೂ ಗಾಡಿಯನ್ನು ಹುಬ್ಬಳ್ಳಿ, ಬೆಳಗಾವಿಗೆ ಸಾಗಿಸಬೇಕಾಗುತ್ತದೆ, ಊರಿನ ಕಸುಬು ಬಡವಾಗುತ್ತದೆ.

ಗಾಡಿಯುಳ್ಳವರ ಪಾಲಿನ ಕೆಲಸ ಸುಲಭದ್ದು. ಕಾರ್ಖಾನೆ ಬಂದಾದ ಮೇಲೆ, ಯುಗಾದಿಗೆ ಮುಂಚೆ ಒಂದು ದಿನ ಗ್ಯಾರೇಜಿಗೆ ಕೊಡಿ. ರೇಡಿಯೇಟರ್, ಕಂಡೆನ್ಸರ್ ತೊಳೆಸಿ, ಕೂಲಂಟ್, ಎಸಿ ಗ್ಯಾಸ್ ನೋಡಿಸಿ, ಟೈರಿನ ಗಾಳಿಯನ್ನು ಮುಂಜಾನೆ ತಂಪಿನಲ್ಲಿ ಅಳೆಸಿ. ಪೆಟ್ರೋಲಿನದಿರಲಿ, ಬ್ಯಾಟರಿಯದಿರಲಿ, ಆ ಒಂದು ದಿನದ ಕೂಲಿ ಇಡೀ ಬೇಸಿಗೆಯ ರಿಪೇರಿಗಿಂತ ಅಗ್ಗ.