ಮಿಲಿಟರಿ ಕರೆಸಿದ್ರೆ ಸಾಕಾ?

ಎಲ್ಲಾದ್ರೂ ಪ್ರತಿಭಟನೆ ಜೋರಾಯ್ತು ಅಂದ್ರೆ ಯಾರಾದ್ರೊಬ್ಬರು ಹೇಳೇ ಹೇಳ್ತಾರೆ: "ಮಿಲಿಟರಿ ಕರೆಸಿ, ಎಲ್ಲಾ ಸರಿಹೋಗುತ್ತೆ!" ಹೋಗುತ್ತಾ?

ಅಮೃತಸರದ ಜಲಿಯನ್‌ವಾಲಾ ಬಾಗ್. ಅಲ್ಲಿನ ಇಟ್ಟಿಗೆ ಗೋಡೆ ಮೇಲೆ ಗುಂಡಿನ ತೂತುಗಳು ಇವತ್ತಿಗೂ ಇವೆ. 1919ರ ಏಪ್ರಿಲ್ 13, ಬೈಸಾಖಿ ದಿನ. ಬ್ರಿಟಿಷ್ ಸೇನಾಧಿಕಾರಿ ಜನರಲ್ ಡಯರ್ 50 ಬಂದೂಕುಧಾರಿಗಳನ್ನ ಒಳಗೆ ತಂದು ನಿಲ್ಲಿಸಿದ. ಅಲ್ಲಿ ಸೇರಿದ್ದ ಜನಕ್ಕೆ "ಚದುರಿ" ಅಂತ ಒಂದು ಮಾತೂ ಹೇಳಲಿಲ್ಲ. ಸುಮಾರು 10 ನಿಮಿಷ, 1,650 ಗುಂಡು. ಸರ್ಕಾರಿ ಲೆಕ್ಕದಲ್ಲೇ 379 ಸಾವು.

ಆಮೇಲೆ ವಿಚಾರಣೆ ನಡೆಸಿದ ಹಂಟರ್ ಸಮಿತಿ ಮುಂದೆ ಅವನೇ ಒಪ್ಪಿಕೊಂಡ: ಗುಂಡು ಹಾರಿಸದೆಯೂ ಚದುರಿಸಬಹುದಿತ್ತೇನೋ, ಆದ್ರೆ ಜನ ಮತ್ತೆ ಬಂದು ನನ್ನ ನೋಡಿ ನಗ್ತಿದ್ರು ಅಂತ. ನಗ್ತಾರೆ ಅನ್ನೋದಕ್ಕೆ ಅಷ್ಟು ಹೆಣ!

ಸೇನೆ ಕರೆಸೋ ಬಗ್ಗೆ ಈಗಿನ ಕಾನೂನು ಏನನ್ನುತ್ತೆ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸೆಕ್ಷನ್ 149. ಮೊದಲನೇದಾಗಿ, ಅದು ಅಕ್ರಮ ಕೂಟ ಆಗಿರಬೇಕು, ಇಲ್ಲಾ ಸಾರ್ವಜನಿಕ ಶಾಂತಿ ಕದಡುವ ಸಂಭವ ಇರೋ, ಐದು ಅಥವಾ ಹೆಚ್ಚು ಜನರ ಗುಂಪಾಗಿರಬೇಕು. ಸುಮ್ಮನೆ ಧರಣಿ ಕೂತವರ ಮಾತಲ್ಲ ಇದು. ಬೇರೆ ದಾರಿಯಲ್ಲಿ ಚದುರಿಸೋಕೆ ಆಗಲೇಬಾರದು. ಆಗ ಸ್ಥಳದಲ್ಲಿರೋ ಡಿಸಿ, ಇಲ್ಲಾ ಅವರು ಅಧಿಕಾರ ಕೊಟ್ಟ ಮ್ಯಾಜಿಸ್ಟ್ರೇಟ್ ಸೇನೆಗೆ ಹೇಳಬಹುದು. ಮ್ಯಾಜಿಸ್ಟ್ರೇಟ್ ಸಂಪರ್ಕಕ್ಕೇ ಸಿಗದಿದ್ರೆ ಮಾತ್ರ ಸೇನಾಧಿಕಾರಿ ತಾನಾಗಿ ಮುಂದಾಗಬಹುದು, ಅದು ಸೆಕ್ಷನ್ 150.

ಬಲ ಎಷ್ಟು ಬಳಸಬೇಕು? ಆದಷ್ಟು ಕಡಿಮೆ. ಜನಕ್ಕೂ ಆಸ್ತಿಗೂ ಆದಷ್ಟು ಕಡಿಮೆ ಹಾನಿ. ಇದು ನಾನು ಹೇಳ್ತಿರೋ ಉಪದೇಶ ಅಲ್ಲ, ಸೆಕ್ಷನ್‌ನಲ್ಲೇ ಬರೆದಿದೆ.

ಮುಂದಿನ ಸಲ ನಿಮ್ಮ ವಾಟ್ಸಾಪ್ ಗ್ರೂಪಲ್ಲಿ "ಮಿಲಿಟರಿ ಕರೆಸಿ" ಅಂತ ಯಾರಾದ್ರೂ ಹಾಕಿದ್ರೆ, 149 ಓದಿದ್ದೀರಾ ಅಂತ ಒಂದು ಮಾತು ಕೇಳಿ.