ಹೇರಿನ ಸುಂಕ, ಬಿಲ್ಟಿಯ ಸುಂಕ

ಕನ್ನಡ ಕಲಿಸಿ ನಿವೃತ್ತನಾದವನ ಮನೆಗೆ ಹಳೆಯ ವಿದ್ಯಾರ್ಥಿಗಳು ಬರುವುದು ಸಾಮಾನ್ಯವಾಗಿ ಲಗ್ನಪತ್ರಿಕೆ ಹಿಡಿದುಕೊಂಡು. ಕಳೆದ ಸುಗ್ಗಿಯಲ್ಲಿ ಅಣ್ಣಿಗೇರಿಯಿಂದ ಬಂದವನ ಕೈಯಲ್ಲಿದ್ದುದು ಬಾಡಿಗೆಯ ಲೆಕ್ಕದ ಚೀಟಿ. ಇರುವುದು ಒಂದೇ ಲಾರಿ. ಮಾಲೀಕನೂ ಅವನೇ, ಚಾಲಕನೂ ಅವನೇ. ಕಲಬುರಗಿ ಸೀಮೆಯ ಕಾರ್ಖಾನೆಯಿಂದ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರಿಗೆ ಸಿಮೆಂಟ್ ತಂದು ಇಳಿಸಿದ್ದ. ಮಾತಾಡಿದ ಬಾಡಿಗೆ 18,000 ರೂಪಾಯಿ, ಕೈಗೆ ಬಂದದ್ದು 17,100.

“ಐದು ಪರ್ಸೆಂಟ್ ಜಿ.ಎಸ್.ಟಿ. ಹಿಡಕೊಂಡೀವಿ ಅಂದ್ರು ಸರ್. ಇನ್ನೊಬ್ಬರು ನಿನಗ ಹದಿನೆಂಟು ಬೀಳತೈತಿ ಅಂತಾರ. ಖರೇ ಎಷ್ಟ್ರೀ?”

“ನಾ ಕಲಿಸಿದ್ದು ಹಳಗನ್ನಡಪಾ, ತೆರಿಗಿ ಅಲ್ಲ” ಎಂದೆ. ಆದರೂ ಚೀಟಿಯನ್ನು ಇಟ್ಟುಕೊಂಡೆ. ಲಾರಿಯ ಸಾಲದ ಕಂತು ಕಟ್ಟುವವನಿಗೆ ಪ್ರತಿ ಸಲವೂ 900 ರೂಪಾಯಿ ಕಳೆದುಹೋಗುವುದು ಸಣ್ಣ ಮಾತಲ್ಲ.

ತೆರಿಗೆಯ ಮಾತು ಈ ಸೀಮೆಯಲ್ಲಿ ಎಂದೂ ಹಗುರವಾದದ್ದಲ್ಲ. 1980ರ ಜುಲೈ 21ರಂದು ನವಲಗುಂದದಲ್ಲಿ ಗೋಲೀಬಾರ್ ಆದಾಗ ನಾನು ಪದವಿ ತರಗತಿಯಲ್ಲಿದ್ದೆ. ಮಲಪ್ರಭೆಯ ನೀರು ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಬಂತೆಂಬುದು ಆಗಿನ ರೈತರ ದೂರು. ತಾನು ಕೊಡಬೇಕಾಗಿಲ್ಲದ್ದನ್ನು ಕೊಡುವ ಸಂಕಟವನ್ನು ಇಲ್ಲಿನವರಿಗೆ ಯಾರೂ ವಿವರಿಸಬೇಕಿಲ್ಲ.

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದವರಿಗೆ ಪೆರ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರು ಪರಿಚಿತ. ದಾನಶಾಸನಗಳಲ್ಲಿ ಎಲೆಯ ಒಂದು ಹೇರಿಗೆ ಇಷ್ಟು ಎಂಬ ಲೆಕ್ಕವೂ ಬರುತ್ತದೆ. ಅಲ್ಲಿ ಹೊರೆ ಕಣ್ಣಿಗೆ ಕಾಣುತ್ತದೆ, ಎಣಿಸಬಹುದು. ನನ್ನ ವಿದ್ಯಾರ್ಥಿಯೂ ತೆರಿಗೆ ಲಾರಿಯ ಮೇಲಿನ ಹೇರಿಗೆ ಅಂಟಿಕೊಂಡಿದೆ ಎಂದೇ ತಿಳಿದಿದ್ದ. ನಾನೂ ಹಾಗೆಯೇ ತಿಳಿದಿದ್ದೆ. ಕಾನೂನನ್ನು ಓದಿದಾಗ, ಅದು ಮೊದಲು ನೋಡುವುದು ಹೇರನ್ನಲ್ಲ, ಒಂದು ಕಾಗದವನ್ನು ಎಂದು ತಿಳಿಯಿತು.

2017ರ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯಲ್ಲಿ, ರಸ್ತೆಯ ಮೇಲೆ ಸರಕು ಸಾಗಿಸುವ ಸೇವೆಗೆ ವಿನಾಯಿತಿ ಇದೆ. ಆ ವಿನಾಯಿತಿಯ ಹೊರಗಿರುವವರು ಕೊರಿಯರ್‌ನವರು ಮತ್ತು ‘ಸರಕು ಸಾಗಣೆ ಏಜೆನ್ಸಿ’. ಏಜೆನ್ಸಿಯೆಂದರೆ ನೂರು ಲಾರಿಗಳ ಸಾಹುಕಾರ ಎಂದು ನಾನು ಎಣಿಸಿದ್ದೆ. ವ್ಯಾಖ್ಯೆ ಹಾಗಿಲ್ಲ. ಸರಕು ಸಾಗಣೆಯ ಸೇವೆ ಕೊಟ್ಟು, ಯಾವ ಹೆಸರಿನಿಂದಲೇ ಆಗಲಿ, ರವಾನೆ ಚೀಟಿ ಬರೆದುಕೊಡುವ ಯಾವನಾದರೂ ಏಜೆನ್ಸಿಯೇ. ಆ ಚೀಟಿಗೆ ನಮ್ಮ ಕಡೆ ಬಿಲ್ಟಿ ಎನ್ನುತ್ತಾರೆ, ಎಲ್.ಆರ್. ಎಂದೂ ಎನ್ನುತ್ತಾರೆ. ಬಿಲ್ಟಿ ಬರೆದುಕೊಟ್ಟವನು, ಸರಕು ಮುಟ್ಟುವವರೆಗೆ ಅದರ ಹೊಣೆ ನನ್ನದು ಎಂದು ಒಪ್ಪಿಕೊಂಡಂತೆ. ತೆರಿಗೆ ಹುಟ್ಟುವುದು ಈ ಹೊಣೆಯ ಜೊತೆಯಲ್ಲಿ. ಸರಕಿನ ಜೊತೆ ಹೋಗುವ ಇ-ವೇ ಬಿಲ್ಲು ಬೇರೆ. ಅದನ್ನು ಬಿಲ್ಟಿಯೆಂದು ತಿಳಿಯಬಾರದು.

ವ್ಯಾಪಾರಿ ಕೇಳಿದರೆಂದು ನಮ್ಮವನು ಬಿಲ್ಟಿ ಪುಸ್ತಕ ಅಚ್ಚು ಹಾಕಿಸಿದ್ದ. ಹೀಗೆ ಒಂದೇ ಲಾರಿಯವನು ತನಗೆ ತಿಳಿಯದೆಯೇ ಏಜೆನ್ಸಿಯಾಗಿದ್ದ.

ಹಾಗಾದರೆ ದರ? ಶೇಕಡಾ 5 ಎಂಬುದು ನಿಜ. ಆದರೆ ಅದನ್ನು ಸರ್ಕಾರಕ್ಕೆ ಕಟ್ಟಬೇಕಾದವರು ಯಾರೆಂಬುದೇ ಮುಖ್ಯ ಪ್ರಶ್ನೆ. ಬಾಡಿಗೆ ಕೊಡುವವರು ನೋಂದಾಯಿತ ವ್ಯಾಪಾರಿಯೋ ಕಾರ್ಖಾನೆಯೋ ಆಗಿದ್ದರೆ ತೆರಿಗೆ ಅವರ ಹೊಣೆ. ಲಾರಿಯವನು ವಸೂಲು ಮಾಡುವುದಿಲ್ಲ, ಕಟ್ಟುವುದೂ ಇಲ್ಲ. ಇಂಥ ಬಾಡಿಗೆಯನ್ನು ಮಾತ್ರ ಮಾಡುವವನಿಗೆ ನೋಂದಣಿಯೂ ಬೇಕಿಲ್ಲ. ಆ 900 ರೂಪಾಯಿ 18,000ದ ಮೇಲೆ ಬರತಕ್ಕದ್ದು, ಅದರ ಒಳಗಿನಿಂದ ಮುರಿಯತಕ್ಕದ್ದಲ್ಲ. ಮೊದಲೇ ಹಾಗೆ ಒಪ್ಪಂದವಾಗಿದ್ದರೆ ಮಾತು ಬೇರೆ. ಸಿಮೆಂಟ್ ವ್ಯಾಪಾರಿ ಹಾಗೆ ಕಟ್ಟಿದ್ದನ್ನು ತನ್ನ ಮಾರಾಟದ ತೆರಿಗೆಯಲ್ಲಿ ಜಮಾ ಹಿಡಿದುಕೊಳ್ಳಬಹುದು. ಲಾರಿಯವನ ಬಾಡಿಗೆಯಲ್ಲೂ ಮುರಿದು, ಇತ್ತ ಜಮಾ ಕೂಡ ಹಿಡಿದರೆ ಅವರಿಗೆ ಎರಡು ಕಡೆಯ ಲಾಭ.

ಶೇಕಡಾ 18ರ ಮಾತು ಎಲ್ಲಿಂದ ಬಂತು? ಏಜೆನ್ಸಿ ಬಯಸಿದರೆ, ವರ್ಷ ಮೊದಲಾಗುವ ಮುನ್ನವೇ ಬರೆದುಕೊಟ್ಟು, ತೆರಿಗೆಯನ್ನು ತಾನೇ ಕಟ್ಟಬಹುದು: ಖರೀದಿಯ ಜಮಾ ಬೇಡವೆಂದರೆ 5, ಬೇಕೆಂದರೆ 18. ಈ 18 ಎಂಬುದು 2025ರ ಸೆಪ್ಟೆಂಬರ್ 22ರವರೆಗೆ 12 ಆಗಿತ್ತು. ಟೈರು, ಬಿಡಿಭಾಗಗಳ ಮೇಲಿನ ತೆರಿಗೆಯನ್ನು ಜಮಾ ಹಿಡಿಯಬಹುದು. ಆದರೆ ಲಾರಿಯ ದೊಡ್ಡ ಖರ್ಚಾದ ಡೀಸೆಲ್ ಈ ತೆರಿಗೆಯ ವ್ಯಾಪ್ತಿಗೇ ಬಂದಿಲ್ಲ. ಒಂಟಿ ಲಾರಿಯವನಿಗೆ ಈ ದಾರಿ ಒಗ್ಗದು ಎಂದು ನನಗೆ ತೋರುತ್ತದೆ. ನಮ್ಮವನಂತೂ ಏನನ್ನೂ ಬರೆದುಕೊಟ್ಟಿರಲಿಲ್ಲ.

ಇನ್ನು ಹೇರಿನ ವಿಚಾರ. ನವಲಗುಂದದ ಹೆಸರುಕಾಳು, ಕುಂದಗೋಳದ ರೈತ ಒಣಗಿಸಿ ಚೀಲ ತುಂಬಿದ ಮೆಣಸಿನಕಾಯಿ, ಹೊಲದಿಂದ ಬಿಡಿಸಿ ತಂದ ಹತ್ತಿ, ಇವುಗಳಿಗೆ ಬಿಲ್ಟಿ ಬರೆದರೂ ತೆರಿಗೆಯಿಲ್ಲ. ಕಬ್ಬಿಗೂ ಇಲ್ಲ. ಅದೇ ಕಬ್ಬು ಬೆಲ್ಲವಾದರೆ ಕೃಷಿ ಉತ್ಪನ್ನವಾಗಿ ಉಳಿಯುವುದಿಲ್ಲವೆಂದು 2017ರ ನವೆಂಬರ್‌ನ ಸುತ್ತೋಲೆ ಹೇಳುತ್ತದೆ. ಹೊಲದಲ್ಲೇ ಬೆಲ್ಲ ಕುದಿಸಿದ ರೈತ ಈ ವ್ಯಾಖ್ಯಾನವನ್ನು ಒಪ್ಪಲಾರ. ಒಂದು ಗಾಡಿಗೆ 1,500 ರೂಪಾಯಿಯೊಳಗಿನ ಬಾಡಿಗೆಗೆ ಇದ್ದ ವಿನಾಯಿತಿ 2022ರ ಜುಲೈ 18ಕ್ಕೆ ಹೋಯಿತು. ಅದು ಇನ್ನೂ ಇದೆಯೆಂದು ನಂಬಿದವರನ್ನು ನಾನು ಕಂಡಿದ್ದೇನೆ. ಲಾರಿಯನ್ನೇ ದೊಡ್ಡ ಟ್ರಾನ್ಸ್‌ಪೋರ್ಟಿನವರಿಗೆ ಬಾಡಿಗೆಗೆ ಬಿಟ್ಟು, ಬಿಲ್ಟಿಯನ್ನು ಅವರೇ ಬರೆದಾಗ, ಲಾರಿ ಮಾಲೀಕನಿಗೆ ಬರುವ ಬಾಡಿಗೆಗೂ ತೆರಿಗೆಯಿಲ್ಲ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಅವನ ಕೈಗೆ ಕೊಟ್ಟೆ. ವ್ಯಾಪಾರಿಯ ಲೆಕ್ಕ ಬರೆಯುವವರು ಎರಡು ವಾರ ಅಲೆದಾಡಿಸಿ, ಮುಂದಿನ ಬಾಡಿಗೆಯ ಜೊತೆ 900 ರೂಪಾಯಿ ಸೇರಿಸಿ ಕೊಟ್ಟರಂತೆ. ಅದಕ್ಕೂ ಹಿಂದೆ ಮುರಿದದ್ದರ ಮಾತು ಇನ್ನೂ ನಡೆದಿದೆ. ಅವನ ಬಿಲ್ಟಿ ಪುಸ್ತಕವನ್ನು ತಿರುವಿ ನೋಡಿದೆ. ತೆರಿಗೆ ಕಟ್ಟಬೇಕಾದವರು ಯಾರು, ಕಳಿಸುವವರೋ, ಪಡೆಯುವವರೋ, ಸಾಗಿಸುವವನೋ ಎಂದು ತುಂಬುವ ಜಾಗ ಪ್ರತಿ ಹಾಳೆಯಲ್ಲೂ ಖಾಲಿ ಇತ್ತು. ಮೊದಲು ಅದನ್ನು ತುಂಬಿ ಆಮೇಲೆ ಲಾರಿ ಚಾಲೂ ಮಾಡು ಎಂದು ಹೇಳಿ ಕಳಿಸಿದ್ದೇನೆ.